ಪ್ಯಾರಿಸಮ್ಮ ಶಿರಾ ಸಂತೆಗೆ ಬಂದದ್ದು

ಹೋದ ತಿಂಗಳು ಹುಲಿಕುಂಟೆ ಕಡೆಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕಡಲೆಕಾಯಿ ಸುಲಿಯುತ್ತಿದ್ದೆ. ರಸ್ತೆ ಬದಿಯ ಹೊಲದಲ್ಲಿ ಒಂದು ಕುರಿ ರೊಪ್ಪ. ಮುಳ್ಳುಬೇಲಿಯ ಮೂಲೆಯಲ್ಲಿ ಮರಿಗಳಿಗೆ ನೆರಳಾಗಲಿ ಎಂದು ಹಳೆಯ ಫ್ಲೆಕ್ಸ್ ಒಂದನ್ನು ಹೊದಿಸಿದ್ದರು. ಅದರ ಮೇಲೆ ಯಾವುದೋ ಹೆಂಗಸಿನ ಮುಖ. ಎಲ್ಲೋ ನೋಡಿದ್ದೇನಲ್ಲ ಈ ಮುಖವನ್ನು ಅಂದುಕೊಳ್ಳುವಷ್ಟರಲ್ಲಿ ಬಸ್ಸು ಹತ್ತಿರ ಬಂತು. ಅಯ್ಯೋ ಶಿವನೆ, ಅದು ನಾನೇ. ನನ್ನ ಹಣೆಯ ಮೇಲೆ ಒಂದು ಹುಂಜ ನಿಂತಿತ್ತು. ಗದ್ದದ ಕೆಳಗೆ, ಬಿಸಿಲಿಗೆ ಮಾಸಿದ್ದರೂ ಓದಲು ಬರುವಷ್ಟು ದಪ್ಪ ಅಕ್ಷರಗಳಲ್ಲಿ, ‘ಫ್ರಾನ್ಸ್ ದೇಶದ ಖ್ಯಾತ ಸ್ತ್ರೀವಾದಿ ಲೇಖಕಿ, ಮಾಜಿ ರಾಯಭಾರಿ’ ಎಂದಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಒಮ್ಮೆ ಫ್ಲೆಕ್ಸನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ನಾನು ಕಡಲೆಕಾಯಿ ಕಡೆಗೆ ಗಮನ ಕೊಟ್ಟೆ.

ನಮ್ಮ ಸೀಮೆಯಲ್ಲಿ ಫ್ಲೆಕ್ಸಿಗೆ ಎರಡು ಜನ್ಮ. ಮೊದಲ ಜನ್ಮದಲ್ಲಿ ಸರ್ಕಲ್ಲಿನಲ್ಲಿ ನಿಂತು ಹುಟ್ಟುಹಬ್ಬಕ್ಕೆ ಶುಭ ಕೋರುತ್ತದೆ. ಎರಡನೆಯ ಜನ್ಮದಲ್ಲಿ ಹುಲ್ಲಿನ ಬಣವೆ ಕಾಯುತ್ತದೆ, ಸೋರುವ ಬಚ್ಚಲುಮನೆ ಮುಚ್ಚುತ್ತದೆ, ರಾಗಿ ಒಣಗಲು ಹಾಸಿಗೆಯಾಗುತ್ತದೆ. ಜನಕ್ಕೆ ನಿಜವಾಗಿ ಉಪಯೋಗಕ್ಕೆ ಬರುವುದು ಎರಡನೆಯದೇ. ನಮ್ಮ ಬೀದಿಯ ಸೌದೆ ಒಟ್ಟಿಲಿನ ಮೇಲೆ ಇಬ್ಬರು ಮುಖಂಡರು ಇವತ್ತಿಗೂ ಕೈ ಮುಗಿದುಕೊಂಡು ಮಲಗಿದ್ದಾರೆ. ಹಾಗಿರುವಾಗ ನಾನು ಕುರಿಮರಿಗಳಿಗೆ ನೆರಳಾದೆನೆಂದು ಯಾಕೆ ಬೇಜಾರು ಮಾಡಿಕೊಳ್ಳಲಿ? ಬೇಜಾರಲ್ಲ ಸ್ವಾಮಿ, ಹೆಮ್ಮೆ. ಯಾಕೆಂದು ಹೇಳುತ್ತೇನೆ, ಆದರೆ ನಾನು ನೆಟ್ಟಗೆ ಹೇಳುವವಳಲ್ಲ, ಮೊದಲೇ ತಿಳಿಸಿಬಿಡುತ್ತೇನೆ.

ನಾನು ಸುಮಂಗಲ. ಮಧುಗಿರಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಹುಟ್ಟಿದ್ದು ತೋವಿನಕೆರೆಯಲ್ಲಿ, ಮದುವೆಯಾಗಿ ಬಂದದ್ದು ಮಧುಗಿರಿಗೆ. ಫ್ರಾನ್ಸ್ ಹಾಗಿರಲಿ, ನಾನು ಪಾಸ್‌ಪೋರ್ಟನ್ನೂ ಮಾಡಿಸಿದವಳಲ್ಲ. ನನ್ನ ವಿದೇಶ ಸೇವೆ ಏನಿದ್ದರೂ ಪಾವಗಡಕ್ಕೆ ವರ್ಗವಾಗಿದ್ದ ನಾಲ್ಕು ವರ್ಷ. ಅಲ್ಲಿ ಮಕ್ಕಳು ಹಳಗನ್ನಡ ಪದ್ಯಕ್ಕೆ ತೆಲುಗಿನಲ್ಲಿ ಅರ್ಥ ಹೇಳುತ್ತಿದ್ದರು, ನಾನು ಅದಕ್ಕೆ ಕನ್ನಡದಲ್ಲಿ ಅಂಕ ಕೊಡುತ್ತಿದ್ದೆ.

ನನಗೆ ಒಂದು ಚಟವಿದೆ. ಭಾಷಣ. ತೋವಿನಕೆರೆ ಶಾಲೆಯಲ್ಲಿ ಮೂರನೇ ಕ್ಲಾಸಿನಲ್ಲಿದ್ದಾಗ ‘ಹಸು’ ಎಂಬ ವಿಷಯದ ಮೇಲೆ ಮಾತಾಡಲು ನಿಲ್ಲಿಸಿದರು. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಬಾಯಿಗೆ ಬಂದಂತೆ ನಮ್ಮ ಮನೆಯ ಗೌರಿ ಎಂಬ ಹಸು ಅಜ್ಜಿಯ ಸೀರೆ ತಿಂದ ಕತೆ ಹೇಳಿದೆ. ಮೇಷ್ಟರು ಹೊಟ್ಟೆ ಹಿಡಿದುಕೊಂಡು ನಕ್ಕು ಒಂದು ಸೋಪಿನ ಡಬ್ಬಿ ಬಹುಮಾನ ಕೊಟ್ಟರು. ಸೋಪು ಇರಲಿಲ್ಲ, ಬರೀ ಡಬ್ಬಿ. ಅವತ್ತಿನಿಂದ ಮೈಕು ಕಂಡರೆ ನನಗೆ ಕಾಲು ನಿಲ್ಲುವುದಿಲ್ಲ. ನಮ್ಮ ಯಜಮಾನರು ನನ್ನನ್ನು ಮದುವೆಮನೆಗಳಲ್ಲಿ ವಾಲಗದವರಿಂದ ದೂರ ಕೂರಿಸುತ್ತಾರೆ, ಅಲ್ಲೂ ಮೈಕು ಇರುತ್ತದೆಂದು.

ನಾಲ್ಕು ವರ್ಷದ ಹಿಂದೆ ಶಿರಾದಲ್ಲಿ ಹಳ್ಳಿಗಳ ಮಹಿಳಾ ಸಂಘಗಳೆಲ್ಲ ಸೇರಿ ಒಂದು ಸಭೆ ಮಾಡಿ ನನ್ನನ್ನು ಕರೆದರು. ಸಾಧಕಿಯೊಬ್ಬರ ಬದುಕಿನ ಬಗ್ಗೆ ಮಾತಾಡಬೇಕು. ಎಲ್ಲ ಸಭೆಯಲ್ಲೂ ಅವೇ ಮೂರು ನಾಲ್ಕು ಹೆಸರು ಕೇಳಿ ಕೇಳಿ ನನಗೇ ಸಾಕಾಗಿತ್ತು. ಯಾರೂ ಕೇಳದವರನ್ನು ತರಬೇಕೆಂಬ ಹಮ್ಮು ಬಂತು. ಎಂದೋ ಒಂದು ಹಳೆಯ ಪತ್ರಿಕೆಯಲ್ಲಿ ಫ್ರಾನ್ಸಿನ ಒಬ್ಬ ಲೇಖಕಿಯ ಬಗ್ಗೆ ಓದಿ ನೋಟ್‌ಬುಕ್ಕಿನಲ್ಲಿ ಎರಡು ಪುಟ ಬರೆದುಕೊಂಡಿದ್ದೆ. ಹೆಣ್ಣುಮಕ್ಕಳ ಹಕ್ಕಿಗಾಗಿ ಬರೆದವಳು, ರಾಯಭಾರಿಯೂ ಆಗಿದ್ದವಳು. ಅವಳೇ ಸರಿ ಎಂದು ತೀರ್ಮಾನಿಸಿದೆ.

ಶಿರಾದಲ್ಲಿ ಫ್ಲೆಕ್ಸ್ ಮಾಡುವ ನಯಾಜ್ ಎಂಬ ಹುಡುಗನಿಗೆ ಸಂಘದವರು ನನ್ನ ಫೋಟೋ ಕಳಿಸಿ, ಕೆಳಗೆ ವಿಷಯ ಇಂಥದ್ದು, ಮಾತಾಡುವವರು ಇಂಥವರು ಎಂದು ಬರೆದಿದ್ದರು. ಅವನು ದಿನಕ್ಕೆ ಹತ್ತು ಹುಟ್ಟುಹಬ್ಬದ ಫ್ಲೆಕ್ಸ್ ಮಾಡುವವನು. ಅವನ ಶಾಸ್ತ್ರದ ಪ್ರಕಾರ ಮೇಲೆ ಫೋಟೋ, ಕೆಳಗೆ ಆ ಫೋಟೋದವರ ಬಿರುದು. ಅಷ್ಟೇ. ನನ್ನ ಮುಖ ಹಾಕಿ ಕೆಳಗೆ ಅವಳ ಬಿರುದು ಬರೆದ. ನನ್ನ ಹೆಸರಿಗೆ ಜಾಗ ಸಾಲಲಿಲ್ಲವಂತೆ. ಸಾಲದ್ದಕ್ಕೆ ನನ್ನನ್ನು ಎಷ್ಟು ಬೆಳ್ಳಗೆ ಮಾಡಿದ್ದನೆಂದರೆ ಫ್ರಾನ್ಸಿನವರೇ ನಾಚಬೇಕು. ಸಭೆಯ ಬಾಗಿಲಲ್ಲಿ ಅದನ್ನು ಕಂಡು ನಾನು ಅವನನ್ನು ಕರೆಸಿ ಕೇಳಿದರೆ, ಒಂದು ಫೋಟೋಗೆ ಒಬ್ಬರೇ ಅಲ್ವಾ ಮೇಡಂ ಎಂದು ನನಗೇ ಪಾಠ ಹೇಳಿದ. ನಿಜ ಹೇಳಲಾ? ತೆಗೆಸಿಹಾಕಬಹುದಿತ್ತು. ತೆಗೆಸಲಿಲ್ಲ. ಅಷ್ಟು ಚೆಂದದ ಫೋಟೋ ನನ್ನ ಜನ್ಮದಲ್ಲೇ ಬಂದಿರಲಿಲ್ಲ.

ಭಾಷಣ ಶುರು ಮಾಡಿದೆ. ಅವಳ ಹೆಸರು ನನ್ನ ನಾಲಿಗೆಗೆ ಒಗ್ಗಲಿಲ್ಲ. ಎರಡು ಸಲ ಎಡವಿದೆ. ಮುಂದಿನ ಸಾಲಿನಲ್ಲಿದ್ದ ಒಬ್ಬಾಕೆ, ಪ್ಯಾರಿಸ್‌ನೋಳು ತಾನೆ, ಪ್ಯಾರಿಸಮ್ಮ ಅನ್ನಿ ಸಾಕು ಎಂದು ಬಗೆಹರಿಸಿದಳು. ಆಮೇಲೆ ಮಾತು ಸಲೀಸಾಯಿತು. ಪ್ಯಾರಿಸಮ್ಮ ಹುಟ್ಟಿದ್ದು ಸಣ್ಣ ಊರಿನಲ್ಲಿ, ಬ್ರೆಡ್ಡು ಸುಡುವವನ ಮನೆಯಲ್ಲಿ. ಬೆಳಗಿನ ಜಾವಕ್ಕೆ ಎದ್ದು ಅಪ್ಪನ ಜೊತೆ ಹಿಟ್ಟು ನಾದಿ ಆಮೇಲೆ ಶಾಲೆಗೆ ಹೋಗುತ್ತಿದ್ದಳು. ನಾದುವ ಅಭ್ಯಾಸಕ್ಕೋ ಏನೋ, ಕೈಯಲ್ಲಿ ಬಲವಿತ್ತು, ಆ ಕೈಯಲ್ಲೇ ಬರೆದಳು. ಗಂಡಸರು ಹೆಂಗಸರ ಬಗ್ಗೆ ಬರೆದದ್ದನ್ನೆಲ್ಲ ಓದಿ, ಇದರಲ್ಲಿ ನಮ್ಮಮ್ಮ ಎಲ್ಲಿದ್ದಾಳೆ ಎಂದು ಹುಡುಕಿ, ಸಿಗದೆ, ತಾನೇ ಪುಸ್ತಕ ಬರೆಯಲು ಕೂತಳು. ಓದಿದವರು ಬೈದರು. ಬೈಸಿಕೊಂಡಷ್ಟೂ ಬರೆದಳು. ಆಮೇಲೆ ಪರೀಕ್ಷೆ ಪಾಸು ಮಾಡಿ ದೇಶದ ಪರವಾಗಿ ಬೇರೆ ದೇಶಗಳ ಜೊತೆ ಮಾತಾಡುವ ಕೆಲಸಕ್ಕೆ ಸೇರಿದಳು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ನೋಟ್‌ಬುಕ್ಕಿನಲ್ಲಿ ಇದ್ದದ್ದು ಎರಡೇ ಪುಟ. ನಾನು ಮಾತಾಡಿದ್ದು ಮುಕ್ಕಾಲು ಗಂಟೆ. ಹಾಗಾಗಿ ಪ್ಯಾರಿಸಮ್ಮನ ಬದುಕಿನಲ್ಲಿ ಕೆಲವು ಸಂಗತಿ ತೋವಿನಕೆರೆಯಿಂದಲೂ ಬಂದು ಸೇರಿಕೊಂಡಿವೆ. ಆದರೆ ಮುಂದೆ ಹೇಳುವುದು ಮಾತ್ರ ಪತ್ರಿಕೆಯಲ್ಲೇ ಓದಿದ್ದು, ಪ್ರಮಾಣ ಮಾಡಿ ಹೇಳುತ್ತೇನೆ.

ಎಲ್ಲೋ ಒಂದು ದೇಶದಲ್ಲಿ ಎರಡು ಕಡೆಯವರ ಸಂಧಾನ. ಪ್ಯಾರಿಸಮ್ಮನೂ ಮೇಜಿನ ಮುಂದೆ ಕೂತಿದ್ದಾಳೆ. ಹಗಲೆಲ್ಲ ಮಾತು, ಏನೂ ಇತ್ಯರ್ಥವಾಗುವುದಿಲ್ಲ. ಮಾರನೇ ದಿನ ಬಂದರೆ ಎಲ್ಲ ತೀರ್ಮಾನವಾಗಿಬಿಟ್ಟಿದೆ. ಇದು ಹೇಗೆ ಎಂದು ಅವಳಿಗೆ ಆಶ್ಚರ್ಯ. ಆಮೇಲೆ ಗೊತ್ತಾಯಿತು: ಊಟವಾದ ಮೇಲೆ ಗಂಡಸರೆಲ್ಲ ಸಿಗರೇಟು ಸೇದುವ ಒಂದು ಕೋಣೆಗೆ ಹೋಗುತ್ತಾರೆ, ಹೆಂಗಸರು ಅಲ್ಲಿಗೆ ಹೋಗುವ ಪದ್ಧತಿಯಿಲ್ಲ. ತೀರ್ಮಾನ ಆಗುವುದು ಅಲ್ಲಿ. ಮೇಜಿನ ಮೇಲಿನದು ಬರೀ ನಾಟಕ. ಮುಂದಿನ ಸಲ ಪ್ಯಾರಿಸಮ್ಮ ಯಾರನ್ನೂ ಕೇಳಲಿಲ್ಲ. ಎದ್ದಳು, ಆ ಕೋಣೆಗೆ ನಡೆದಳು, ಹೊಗೆಯ ಮಧ್ಯೆ ಕುರ್ಚಿ ಎಳೆದುಕೊಂಡು ಕೂತಳು. ಕೆಮ್ಮಿದಳು, ಆದರೆ ಏಳಲಿಲ್ಲ. ಹೀಗೆ ಕೂತು ಕೂತೇ ಒಂದು ದಿನ ರಾಯಭಾರಿಯಾದಳು.

ಚಪ್ಪಾಳೆ ಬಿತ್ತು. ಪ್ರಶ್ನೆಗಳಿದ್ದರೆ ಕೇಳಿ ಎಂದೆ. ಪಾವಗಡ ಕಡೆಯ ವೈ.ಎನ್. ಹೊಸಕೋಟೆಯಿಂದ ತಂಗಿ ಮನೆಗೆ ಬಂದಿದ್ದ ಒಬ್ಬಾಕೆ ಎದ್ದು, ಮದುವೆಯ ವಿಚಾರ ತೆಗೆದು, ಆಯಮ್ಮ ಪೆಳ್ಳಿ ಮಾಡ್ಕೊಂಡಿದ್ಲಾ ಲೇದಾ ಎಂದು ಕೇಳಿದಳು. ಇನ್ನೊಬ್ಬಳು, ಹಂಗೆ ದೇಶ ತಿರುಗ್ತಿದ್ರೆ ಮನೇಲಿ ಮುದ್ದೆ ಯಾರು ತಿರುವ್ತಿದ್ರು ಎಂದಳು. ಪತ್ರಿಕೆಯಲ್ಲಿ ಅದಿರಲಿಲ್ಲ ಎಂದೆ.

ಸಭೆ ಮುಗಿದು ಕೇಸರಿಬಾತು ತಿನ್ನುತ್ತಿದ್ದೆ. ಒಬ್ಬ ಹೆಂಗಸು ಬಂದು ಎದುರಿಗೆ ನಿಂತಳು. ನಲವತ್ತೈದು ಇರಬಹುದು, ಬಿಸಿಲಿಗೆ ಬೆಂದ ಮೈ, ಕಾಲಲ್ಲಿ ಗಂಡಸರ ಚಪ್ಪಲಿ. ಹುಲಿಕುಂಟೆ ಹತ್ತಿರದ ಹಳ್ಳಿಯವಳು, ಹೆಸರು ಈರಕ್ಕ. ಗಂಡ ತೀರಿಕೊಂಡು ಆರು ವರ್ಷವಾಗಿತ್ತಂತೆ. ಅವನು ಬಿಟ್ಟುಹೋದ ಹತ್ತು ಕುರಿಯನ್ನು ನಲವತ್ತು ಮಾಡಿದ್ದಳು. ಅವಳು ಹೇಳಿದ್ದು ಇಷ್ಟು:

“ಪ್ಯಾರಿಸಮ್ಮನ ಸಿಗರೇಟು ರೂಮು ನಮ್ ಸಂತೇಲೂ ಐತೆ ಕಣಮ್ಮ. ಬಾಗ್ಲು ಗೋಡೆ ಇಲ್ಲ, ಅಷ್ಟೆ. ಟವಲ್ ಐತೆ.”

ನನಗೆ ತಕ್ಷಣ ಅರ್ಥವಾಯಿತು. ಅರ್ಥವಾದದ್ದು ನನ್ನ ಕಿವಿಯಿಂದಾಗಿ. ನಾನು ಆರೇಳು ವರ್ಷದವಳಿದ್ದಾಗ ಅಪ್ಪ ಎತ್ತು ಮಾರಲು ದನದ ಸಂತೆಗೆ ಹೊರಟಾಗ ಹಟ ಮಾಡಿ ಹೋಗಿದ್ದೆ. ಅಲ್ಲಿ ಅಪ್ಪನೂ ದಲ್ಲಾಳಿಯೂ ಎದುರುಬದುರು ನಿಂತು ಕೈ ಕೈ ಹಿಡಿದು, ಮೇಲೆ ಒಂದು ಟವಲ್ ಮುಚ್ಚಿಕೊಂಡರು. ಇಬ್ಬರೂ ಮಾತಾಡುತ್ತಿಲ್ಲ. ಅಪ್ಪ ತಲೆ ಆಡಿಸುತ್ತಾರೆ, ದಲ್ಲಾಳಿ ಹಲ್ಲು ಕಿರಿಯುತ್ತಾನೆ. ಟವಲ್ಲಿನ ಕೆಳಗೆ ಏನೋ ತಿನ್ನುವ ಪದಾರ್ಥವಿದೆ, ನನಗೆ ಕಾಣಬಾರದೆಂದು ಮುಚ್ಚಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಮೆಲ್ಲಗೆ ಹೋಗಿ ಕೈ ತೂರಿಸಿದೆ. ಸಿಕ್ಕಿದ್ದು ದಲ್ಲಾಳಿಯ ಹೆಬ್ಬೆರಳು. ಜಗ್ಗಿದೆ. ವ್ಯಾಪಾರ ಕೆಟ್ಟುಹೋಯಿತು, ಸಂತೆಯೆಲ್ಲ ನಕ್ಕಿತು, ಅಪ್ಪ ಕಿವಿ ಹಿಂಡಿದರು. ಆ ದಲ್ಲಾಳಿ ಮಾತ್ರ ನಗದೆ, ಹೆಣ್ಮಗ ಇಲ್ಲಿ ಕೈ ಹಾಕಬಾರದು ಎಂದ. ಬೆಲೆ ಕೇಳುವುದು, ಕಮ್ಮಿ ಅನ್ನುವುದು, ಒಪ್ಪುವುದು ಎಲ್ಲ ಬೆರಳಲ್ಲೇ ನಡೆಯುತ್ತದೆಂದು ಆಮೇಲೆ ಅಪ್ಪ ಹೇಳಿದರು. ಪಕ್ಕದಲ್ಲಿ ನಿಂತವನಿಗೂ ಬೆಲೆ ಗೊತ್ತಾಗಬಾರದು, ಗೊತ್ತಾದರೆ ಅವನು ತನ್ನ ಪ್ರಾಣಿಗೆ ಅಷ್ಟೇ ಕೇಳುತ್ತಾನೆ. ಅದಕ್ಕೆ ಟವಲ್ಲು.

ಕುರಿ ಸಂತೆಯಲ್ಲೂ ಅದೇ ಪದ್ಧತಿ. ಪರಗಂಡಸಿನ ಕೈ ಹಿಡಿದು ಟವಲ್ ಹೊದ್ದು ನಿಲ್ಲುವುದು ಹೆಂಗಸಿಗೆ ಆಗದ ಮಾತು. ಹಾಗಾಗಿ ಈರಕ್ಕನ ಕುರಿಯನ್ನು ಅವಳ ಮೈದುನ ಗಿರಿಯಪ್ಪ ಮಾರಿಕೊಡುತ್ತಿದ್ದ. ಅವಳು ಹತ್ತು ಮಾರು ದೂರದಲ್ಲಿ, ತಾನೇ ಮರಿಯಿಂದ ಎತ್ತಿ ಆಡಿಸಿದ ಟಗರಿನ ಪಕ್ಕ ನಿಂತು ಟವಲ್ಲು ಅಲ್ಲಾಡುವುದನ್ನು ನೋಡುತ್ತಿದ್ದಳು. ಈ ಸಲ ಗಿರಿಯಪ್ಪ ಹೊಸ ಮಾತು ತೆಗೆದಿದ್ದ. ಸಾಕುವುದು ಒಬ್ಬರು, ಮಾರುವುದು ಒಬ್ಬರು ಯಾಕೆ, ಹಿಂಡೆಲ್ಲ ನನ್ನ ರೊಪ್ಪಕ್ಕೆ ಸೇರಲಿ, ಅತ್ತಿಗೆಗೆ ಊಟಬಟ್ಟೆಗೆ ನಾನಿದ್ದೇನೆ ಎಂದು. ಊರಿನ ಹಿರಿಯರು ಕೂತು, ಮಾರಕ್ಕೆ ಬರದವಳಿಗೆ ಹಿಂಡು ಯಾಕೆ ಎಂದುಬಿಟ್ಟರು. ಈರಕ್ಕ ಬಿಡಲಿಲ್ಲ, ನಾನೇ ಮಾರಿದರೆ ಎಂದು ಕೇಳಿದಳು. ಮಾರು ನೋಡೋಣ ಎಂದು ಅವರು ನಕ್ಕರು. ಬಕ್ರೀದಿಗೆ ಮುಂಚಿನ ಸಂತೆಯವರೆಗೆ ಗಡುವು. ಸಂತೆಯ ಪದ್ಧತಿಯಂತೆ ಅವಳೇ ಆರು ಟಗರು ಮಾರಿದರೆ ಹಿಂಡು ಅವಳದು, ಇಲ್ಲವಾದರೆ ಗಿರಿಯಪ್ಪನ ರೊಪ್ಪಕ್ಕೆ.

“ಅವ್ನು ಮೋಸ ಮಾಡ್ತಾನೆ ಅಂತ ನಾನನ್ನಕಿಲ್ಲ,” ಎಂದಳು ಈರಕ್ಕ. “ಆದ್ರೆ ನಾನ್ ಸಾಕಿದ್ ಟಗರಿನ ಬೆಲೆ ನನ್ ಬೆರಳಿಗೇ ಗೊತ್ತಿಲ್ಲ ಅಂದ್ರೆ ಹೆಂಗಮ್ಮ? ನೀವು ರಾಯಭಾರಿ ಅಂತ ಬರ್ದವ್ರೆ. ಬಂದು ಅವ್ರ ತಾವ ಮಾತಾಡಿ.”

ಆಗಲೇ ಹೇಳಬೇಕಿತ್ತು, ನಾನು ರಾಯಭಾರಿಯಲ್ಲ ತಾಯಿ, ಅದು ನಯಾಜನ ಕೆಲಸ ಎಂದು. ಬಾಯಲ್ಲಿ ಕೇಸರಿಬಾತಿತ್ತು. ನುಂಗುವಷ್ಟರಲ್ಲಿ ಬರುತ್ತೇನೆ ಎಂದುಬಿಟ್ಟೆ.

ಮುಂದಿನ ಸಂತೆಗೆ ಹೋದೆ. ಒಳ್ಳೆಯ ಇಳಕಲ್ ಸೀರೆ ಉಟ್ಟು ಹೋಗಿದ್ದೆ, ಮೂರ್ಖತನ, ಒಂದು ಹೋತ ಅದರ ಅಂಚಿನ ರುಚಿ ನೋಡಿತು. ವ್ಯಾಪಾರಿಗಳನ್ನು ಸೇರಿಸಿ ಸಮಾನತೆಯ ಬಗ್ಗೆ ಮಾತಾಡಿದೆ. ಮೈಕಿಲ್ಲದಿದ್ದರೂ ಚೆನ್ನಾಗಿಯೇ ಮಾತಾಡಿದೆ. ಅವರು ಟೋಪಿ, ಟವಲ್ಲು ಸರಿಮಾಡಿಕೊಂಡು ಗೌರವದಿಂದ ಕೇಳಿದರು, ಟೀ ತರಿಸಿದರು, ಭಾಳ ಒಳ್ಳೇ ಮಾತು ಅಮ್ಮಾ ಎಂದರು. ಎಂದವರು ತಿರುಗಿ ಟವಲ್ಲಿನ ಕೆಳಗೆ ಕೈ ಹಾಕಿದರು. ನನ್ನ ಮೂವತ್ತು ವರ್ಷದ ಪಾಠಕ್ಕೂ ಮಕ್ಕಳು ಹೀಗೇ ಮಾಡಿದ್ದರೆಂದು ಆವಾಗ ಹೊಳೆಯಿತು.

ಅವರಲ್ಲಿ ದೊಡ್ಡ ವ್ಯಾಪಾರಿ ಬಾಬು ಸಾಬರು ಎಂಬವರು ನನ್ನನ್ನು ಪಕ್ಕಕ್ಕೆ ಕರೆದು ಸಮಾಧಾನವಾಗಿ ತಿಳಿಸಿ ಹೇಳಿದರು. ಅವರಿಗೇನೂ ಈರಕ್ಕನ ಮೇಲೆ ಸಿಟ್ಟಿಲ್ಲ. ಅವಳ ಟಗರುಗಳನ್ನು ಅವರು ಬಲ್ಲರು, ಕೊಳ್ಳಲು ಆಸೆಯೇ. ಆದರೆ ಪರ ಹೆಂಗಸಿನ ಕೈ ಹಿಡಿದರೆ ಅವರ ಮರ್ಯಾದೆಯೂ ಹೋಗುತ್ತದೆ, ಅವಳದೂ ಹೋಗುತ್ತದೆ. ಬಾಯಲ್ಲೇ ಬೆಲೆ ಹೇಳಿ ಎಂದೆ. ನಾನು ಒಬ್ಬರಿಗೆ ಬಾಯಿ ಬಿಟ್ಟರೆ ಸಂತೆಗೆಲ್ಲ ಬಾಯಿ ಬಿಟ್ಟಂತೆ ಎಂದರು. ಚೀಟಿಯಲ್ಲಿ ಬರೆದು ಕೊಡಿ ಎಂದೆ. ಈರಕ್ಕ ಓದಲು ಬಾರದವಳು. ಕಿವಿಯಲ್ಲಿ ಹೇಳಿ ಎಂದೆ. ಬಾಬು ಸಾಬರು ನನ್ನನ್ನು ಒಂದು ಥರ ನೋಡಿದರು. ಕೈ ಹಿಡಿಯುವುದಕ್ಕಿಂತ ಅದು ಇನ್ನೂ ಕೆಟ್ಟದ್ದೆಂದು ನನಗೆ ಹೊಳೆದದ್ದು ಆಮೇಲೆ.

ಸೋತು ಮುಖ ಸಪ್ಪಗೆ ಮಾಡಿಕೊಂಡವಳನ್ನು ಆ ಪುಣ್ಯಾತ್ಮ ಹಾಗೇ ಕಳಿಸಲಿಲ್ಲ, ಮನೆಗೆ ಬಂದು ಊಟ ಮಾಡಿ ಹೋಗಿ ಎಂದರು. ಮನೆಯಲ್ಲಿ ಅವರ ತಾಯಿ ಮಹಬೂಬಿ ಮಂಚದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಎಂಬತ್ತರ ಹತ್ತಿರ. ಊರವರಿಗೆಲ್ಲ ಅವರು ಬೂಬಮ್ಮ. ನನ್ನ ಕತೆಯನ್ನೆಲ್ಲ ಕೇಳಿದ ಬೂಬಮ್ಮ ಮಗನ ಕಡೆ ಬೆಳ್ಳುಳ್ಳಿ ಸಿಪ್ಪೆ ಎಸೆದು ನಕ್ಕರು.

“ಇವನಿಗೆ ಬೆರಳ್ ಮಾತು ಕಲ್ಸಿದ್ದು ಯಾರು ಕೇಳು,” ಎಂದರು. “ನಮ್ ಅಬ್ಬಾಗೆ ಗಂಡುಮಕ್ಳಿಲ್ಲ. ಸಂತೆಯಿಂದ ಬಂದು ಆವತ್ತಿಂದು ವ್ಯಾಪಾರೆಲ್ಲ ನನ್ ಕೈ ಹಿಡ್ದು ತಿರ್ಗಾ ಮಾಡ್ತಿದ್ರು. ನಾನು ಕಲ್ತೆ. ಇವನಿಗೆ ನಾನ್ ಕಲ್ಸಿದೆ. ಸಂತೆ ಮಾತ್ರ ಒಂದ್ ದಿನಾನೂ ನೋಡಿಲ್ಲ.”

ಬಾಬು ಸಾಬರು ತಾಯಿಯನ್ನೇ ನೋಡಿದರು. ನನ್ನ ತಲೆಯಲ್ಲಿ ಏನು ಬಂತೋ ಅದೇ ಅವರ ತಲೆಯಲ್ಲೂ ಬಂದಿತ್ತು, ಅವರಿಗೆ ಭಯ, ನನಗೆ ಕುಣಿಯುವಷ್ಟು ಸಂತೋಷ. ಬೂಬಮ್ಮನಿಗೆ ಎರಡೂ ಇರಲಿಲ್ಲ. ಅವರು ಬೆಳ್ಳುಳ್ಳಿ ತಟ್ಟೆ ಪಕ್ಕಕ್ಕಿಟ್ಟು, ಆ ಹೆಂಗಸನ್ನು ಕರ್ಕೊಂಡು ಬಾ, ಬೆರಳು ನೋಡ್ತೀನಿ ಎಂದರು.

ಆಮೇಲಿನ ಮೂರು ವಾರ ನಾನು ನಿಜಕ್ಕೂ ರಾಯಭಾರಿಯಾಗಿದ್ದೆ. ಮಧುಗಿರಿಯಿಂದ ಶಿರಾ, ಶಿರಾದಿಂದ ಹುಲಿಕುಂಟೆ, ಮತ್ತೆ ಶಿರಾ. ಬೂಬಮ್ಮನ ಷರತ್ತುಗಳು ಈರಕ್ಕನಿಗೆ, ಈರಕ್ಕನ ಅನುಮಾನಗಳು ಬಾಬು ಸಾಬರಿಗೆ. ಮಗನ ಬದಲು ಟಗರು ಕೊಳ್ಳಲು ಬೂಬಮ್ಮ ಸಂತೆಗೆ ಆಟೋದಲ್ಲೇ ಬರುತ್ತಾರೆ, ಬಿಸಿಲಲ್ಲಿ ನಿಲ್ಲಿಸಬಾರದು. ತಾಯಿ ಮಾತು ಕೊಟ್ಟರೆ ಮಗ ಅದಕ್ಕೆ ಬದ್ಧ. ಊರಿನ ಹಿರಿಯರು ಇದನ್ನು ಸಂತೆಯ ಪದ್ಧತಿಯೇ ಎಂದು ಒಪ್ಪಬೇಕು. ಈ ಕೊನೆಯದಕ್ಕೆ ಹಿರಿಯರು ಅರ್ಧ ದಿನ ತಲೆ ಕೆರೆದುಕೊಂಡರು. ಬೆರಳೂ ಇದೆ, ಬಟ್ಟೆಯೂ ಇದೆ, ತಪ್ಪು ಎಲ್ಲಿದೆ ಎಂದು ಹುಡುಕಿ ಸಿಗದೆ ಹೂಂ ಅಂದರು. ನಮ್ಮ ಯಜಮಾನರು ಮನೆಯಲ್ಲಿ ಒಬ್ಬರೇ ಉಪ್ಪಿಟ್ಟು ಮಾಡಿಕೊಂಡು, ನಿನ್ನ ದೇಶದಿಂದ ಯಾವಾಗ ವಾಪಸು ಎಂದು ಫೋನಿನಲ್ಲಿ ಕೇಳುತ್ತಿದ್ದರು.

ಒಂದು ದಿನ ಹುಲಿಕುಂಟೆ ಬಸ್ಸಿನಿಂದ ಇಳಿದು ನಡೆಯುವಾಗ ನನಗೆ ತಡೆಯಲಾಗಲಿಲ್ಲ. ಈರಕ್ಕ, ನಾನು ರಾಯಭಾರಿಯಲ್ಲ ಕಣೆ, ಫ್ಲೆಕ್ಸಿನಲ್ಲಿ ತಪ್ಪಾಗಿತ್ತು ಎಂದು ಹೇಳಿಬಿಟ್ಟೆ. ಅವಳು ಮರಿಯೊಂದನ್ನು ಹೆಗಲಿಗೆ ಹಾಕಿಕೊಂಡು ಮುಂದೆ ನಡೆಯುತ್ತಿದ್ದಳು, ತಿರುಗಿ ಕೂಡ ನೋಡಲಿಲ್ಲ.

“ಗೊತ್ತು ಕಣಮ್ಮ. ಫ್ರಾನ್ಸಿನೋರು ನಮ್ ಬಸ್ನಾಗೆ ಕಂಬಿ ಹಿಡ್ಕಂಡು ನಿಂತ್ಕಂಡ್ ಬತ್ತಾರಾ? ನಂಗೆ ಬೇಕಾಗಿದ್ದು ಬರೋರು.”

ಬೂಬಮ್ಮನ ಮಂಚದ ಮೇಲೆ ಪಾಠ ನಡೆಯಿತು. ಒಂದು ಬೆರಳು ಹಿಡಿದರೆ ಒಂದು, ಅಂಗೈ ಪೂರಾ ಹಿಡಿದರೆ ಐದು, ಗೆಣ್ಣು ಒತ್ತಿದರೆ ಅರ್ಧ. ನೂರೋ ಸಾವಿರವೋ ಎನ್ನುವುದನ್ನು ಪ್ರಾಣಿಯನ್ನು ನೋಡಿದವರೇ ತಿಳಿದುಕೊಳ್ಳಬೇಕು. ನಾನೂ ಕೈ ಕೊಟ್ಟೆ. ಇರಲಿ, ವಿದ್ಯಾವಂತೆಯಲ್ಲವೇ. ಎರಡೇ ನಿಮಿಷದಲ್ಲಿ ನನಗೇ ತಿಳಿಯದಂತೆ ಒಂದು ಜೊತೆ ಟಗರನ್ನು ಕೋಳಿಯ ಬೆಲೆಗೆ ಮಾರಿದ್ದೆನಂತೆ. ಬೂಬಮ್ಮ ನನ್ನ ಕೈಯನ್ನು ಮರಳಿ ನನ್ನ ಮಡಿಲಲ್ಲಿಟ್ಟು ಒಮ್ಮೆ ತಟ್ಟಿದರು. ಈರಕ್ಕನ ಕೈ ಹಿಡಿದಾಗ ಮಾತ್ರ ಅವರ ಮುಖ ಬದಲಾಯಿತು. ಹುಲ್ಲು ಕೊಯ್ದು, ಹಗ್ಗ ಜಗ್ಗಿ, ಕುರಿಯ ಹೆರಿಗೆ ಮಾಡಿಸಿದ ಬೆರಳುಗಳು. ಚುರುಕಾಗಿದ್ದವು. ಸಂತೇಲಿ ನಾನು ಬಿಡಲ್ಲ ನೋಡು ಎಂದರು ಬೂಬಮ್ಮ. ಬುಡಬ್ಯಾಡಿ ಎಂದಳು ಈರಕ್ಕ.

ಗಡುವಿನ ಸಂತೆಯ ದಿನ ನಾನು ಎಂಟು ಗಂಟೆಗೇ ಹೋದೆ, ಹತ್ತಿ ಸೀರೆಯಲ್ಲಿ. ಕುರಿಯ ವಾಸನೆ, ಟೆಂಪೋಗಳ ಹಾರ್ನು, ಮೇಲೆದ್ದ ಧೂಳು. ಈರಕ್ಕ ಆರು ಟಗರುಗಳ ಮೈ ತೊಳೆದು ಕೊಂಬಿಗೆ ಎಣ್ಣೆ ಹಚ್ಚಿ ತಂದಿದ್ದಳು. ಸ್ವಲ್ಪ ದೂರದಲ್ಲಿ ಗಿರಿಯಪ್ಪ ತನ್ನ ಎರಡು ಟಗರಿನ ಹಗ್ಗ ಹಿಡಿದು ನಿಂತಿದ್ದ. ಊರಿನ ಹಿರಿಯರಲ್ಲಿ ಮೂವರು ನೋಡಲೆಂದೇ ಬಂದಿದ್ದರು. ಸುದ್ದಿ ಎಲ್ಲರಿಗೂ ತಿಳಿದಿತ್ತು. ಅಂದು ಬೆಳಿಗ್ಗೆ ಸಂತೆಯಲ್ಲಿ ನಿಜವಾದ ವ್ಯಾಪಾರ ಮಾಡಿದವರು ಕಮ್ಮಿ.

ಒಂಬತ್ತಕ್ಕೆ ಬರಬೇಕಿದ್ದ ಆಟೋ ಒಂಬತ್ತೂವರೆಯಾದರೂ ಬರಲಿಲ್ಲ. ಯಾರೋ ಹಿಂದಿನಿಂದ, ಮನೆಯವರು ಬಿಟ್ಟಿರಲ್ಲ ಬಿಡು ಎಂದರು. ಈರಕ್ಕ ಟಗರಿನ ಕಿವಿ ಸವರುತ್ತಾ ರಸ್ತೆಯನ್ನೇ ನೋಡುತ್ತಿದ್ದಳು. ಇವಳ ಹಿಂಡು ಹೋದರೆ ಅದಕ್ಕೆ ನನ್ನ ಬಾಯಿಚಪಲವೇ ಕಾರಣ ಎನ್ನಿಸಿತು.

ಆಟೋ ಬಂತು. ಬುರ್ಖಾ ತೊಟ್ಟ ಬೂಬಮ್ಮ ಕೋಲೂರಿ ಇಳಿದರು. ಜೀವಮಾನವೆಲ್ಲ ಕೇಳಿಯೇ ತಿಳಿದಿದ್ದ ಜಾಗವನ್ನು ಒಮ್ಮೆ ಸುತ್ತಲೂ ನೋಡಿದರು. ಹಾದಿಯಲ್ಲಿದ್ದ ಗಂಡಸರು ತಾವಾಗಿಯೇ ಸರಿದು ಜಾಗ ಬಿಟ್ಟರು. ಟಗರುಗಳ ಹತ್ತಿರ ಬಂದವರೇ ಒಂದೊಂದರ ಬೆನ್ನೆಲುಬು ಒತ್ತಿದರು, ಬಾಯಿ ಬಿಡಿಸಿ ಹಲ್ಲು ನೋಡಿದರು, ಒಂದರ ಬಾಲದ ಬುಡ ಹಿಡಿದು ತಲೆಯಾಡಿಸಿದರು. ನನ್ನ ಪಕ್ಕದಲ್ಲಿದ್ದ ಮುದುಕ ದಲ್ಲಾಳಿ ತನಗೇ ಹೇಳಿಕೊಳ್ಳುವಂತೆ, ಖಾದರ್ ಸಾಬನ ಕೈ ಅದು ಎಂದ. ಖಾದರ್ ಸಾಬ್ ಎಂದರೆ ಬೂಬಮ್ಮನ ತಂದೆ.

ಬಾಬು ಸಾಬರು ಹೆಗಲ ಮೇಲಿನ ಟವಲ್ ತೆಗೆದು ಮುಂದೆ ಚಾಚಿದರು. ಈರಕ್ಕ ಅದನ್ನು ತೆಗೆದುಕೊಳ್ಳಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನ ತುದಿ ಬಿಡಿಸಿ, ಬೂಬಮ್ಮನ ಕೈ ಹಿಡಿದು, ಇಬ್ಬರ ಕೈ ಮೇಲೂ ಅದನ್ನು ಹೊದಿಸಿದಳು.

ಸೆರಗು ಅಲ್ಲಾಡಿತು. ಬೂಬಮ್ಮ ಏನೋ ಹೇಳಿದ್ದಾರೆ, ಈರಕ್ಕನ ತುಟಿ ಬಿಗಿಯಾಯಿತು. ಈರಕ್ಕ ಏನೋ ಹೇಳಿದಳು, ಬೂಬಮ್ಮ ಆಕಾಶ ನೋಡಿದರು. ಅಲ್ಲಿದ್ದ ನೂರು ಗಂಡಸರು ಆ ಕೆಂಪು ಸೆರಗನ್ನೇ ನೋಡುತ್ತಿದ್ದರು, ಒಬ್ಬನಿಗೂ ಏನೂ ಗೊತ್ತಾಗುತ್ತಿಲ್ಲ. ಆರು ವರ್ಷ ಈರಕ್ಕ ಹೇಗೆ ನಿಂತಿದ್ದಳೋ ಹಾಗೆ ಅವತ್ತು ಅವರೆಲ್ಲ ಕತ್ತು ಚಾಚಿ ನಿಂತಿದ್ದರು. ನನಗೆ ಹೇಳತೀರದ ಖುಷಿಯಾಯಿತು, ಮುಚ್ಚಿಡುವುದು ಯಾಕೆ.

ಇದ್ದಕ್ಕಿದ್ದ ಹಾಗೆ ಈರಕ್ಕ ಕೈ ಹೊರಗೆಳೆದಳು. ಸೆರಗು ಸರಿಮಾಡಿಕೊಂಡು ಟಗರಿನ ಹಗ್ಗ ಬಿಚ್ಚತೊಡಗಿದಳು. ಒಲ್ಲೆ ಎಂದರ್ಥ. ಇರುವ ಒಬ್ಬ ಗಿರಾಕಿಯನ್ನೂ ಬಿಡುತ್ತಿದ್ದಾಳಲ್ಲ ಪುಣ್ಯಾತ್ಗಿತ್ತಿ ಎಂದು ಬಾಯಿಗೆ ಕೈ ಅಡ್ಡ ಹಿಡಿದೆ. ಬೂಬಮ್ಮ ಕೋಲೂರಿಕೊಂಡು ಸುಮ್ಮನೆ ನಿಂತಿದ್ದರು. ಈರಕ್ಕ ಎರಡು ಹೆಜ್ಜೆ ಇಟ್ಟಳು. ಮೂರನೆಯದಕ್ಕೆ ಬೂಬಮ್ಮ ಕೋಲು ಚಾಚಿ ದಾರಿಗೆ ಅಡ್ಡ ಹಿಡಿದು, ಇನ್ನೊಂದು ಕೈ ಮುಂದೆ ಮಾಡಿದರು. ಈರಕ್ಕ ಮತ್ತೆ ಸೆರಗು ಹೊದಿಸಿದಳು. ಈ ಸಲ ಹೆಚ್ಚು ಹೊತ್ತಾಗಲಿಲ್ಲ. ಬೂಬಮ್ಮ ಸೆರಗು ಸರಿಸಿ, ಹೋಗಯಾ ಎಂದು ಮಗನಿಗೆ ಹೇಳಿದರು. ಮುಗಿಯಿತು ಎಂದು. ಬಾಬು ಸಾಬರು ಎರಡು ಮಾತಾಡದೆ ಆರು ಹಗ್ಗಗಳನ್ನು ಕೈಗೆ ತೆಗೆದುಕೊಂಡರು.

ನಾನು ಚಪ್ಪಾಳೆ ಹೊಡೆದೆ. ಕುರಿ ಸಂತೆಯಲ್ಲಿ ಚಪ್ಪಾಳೆ ಹೊಡೆಯುವ ಪದ್ಧತಿ ಇಲ್ಲ ಎಂದು ಗೊತ್ತಿದ್ದರೂ ಹೊಡೆದೆ. ಒಂದಿಷ್ಟು ಕುರಿ ಬೆದರಿದವು. ಮೂವರು ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ದೊಡ್ಡವರು, ಆಯ್ತು ಕಣವ್ವ, ಹಿಂಡು ನಿಂದು ಎಂದರು. ಸುತ್ತಲಿದ್ದವರಿಗೆ ಅದು ಬೇಕಿರಲಿಲ್ಲ, ಎಷ್ಟಕ್ಕೆ ಹೋಯಿತು ಎಂಬುದೊಂದೇ ಬೇಕಿತ್ತು. ನನಗೂ ಬೇಕಿತ್ತು. ಈರಕ್ಕ ಇವತ್ತಿನವರೆಗೂ ನನಗೆ ಹೇಳಿಲ್ಲ, ನನ್ನ ಮುಖವನ್ನು ಮಾತ್ರ ತನ್ನ ರೊಪ್ಪದ ಮರಿಗಳಿಗೆ ನೆರಳಾಗಿ ಹೊದಿಸಿದ್ದಾಳೆ.

ಗಿರಿಯಪ್ಪ ಜನವನ್ನು ಸರಿಸಿಕೊಂಡು ಬಂದ. ಜಗಳವಾಡುತ್ತಾನೆಂದು ನಾನು ಸೆರಗು ಸಿಕ್ಕಿಸಿಕೊಂಡು ಸಿದ್ಧಳಾದೆ. ಅವನು ಅತ್ತಿಗೆಯ ಹತ್ತಿರ ನಿಂತು ತಗ್ಗಿದ ದನಿಯಲ್ಲಿ, ಎಷ್ಟಕ್ಕೆ ಕೊಟ್ಟೆ ಎಂದು ಕೇಳಿದ.

“ಬಟ್ಟೆ ಕೆಳಗಿನ ಮಾತು ಕಣಪ್ಪ,” ಎಂದಳು ಈರಕ್ಕ. “ಕೇಳಬಾರ್ದು ಅಂತ ನೀನೇ ಹೇಳ್ತಿದ್ದೆ.”

ಗಿರಿಯಪ್ಪ ಬಾಬು ಸಾಬರ ಕೈಯಲ್ಲಿದ್ದ ಆರು ಹಗ್ಗ ನೋಡಿದ. ಆಟೋ ಕಡೆಗೆ ಆಗಲೇ ಎರಡು ಹೆಜ್ಜೆ ಇಟ್ಟಿದ್ದ ಬೂಬಮ್ಮನನ್ನು ನೋಡಿದ. ಆಮೇಲೆ ತನ್ನ ಎರಡು ಟಗರಿನ ಹಗ್ಗವನ್ನು ಈರಕ್ಕನ ಮುಂದೆ ಹಿಡಿದ.

“ಆ ಅಜ್ಜಿ ಹೋಗೋದ್ರೊಳ್ಗೆ ಇವುನ್ನೂ ಒಸಿ ನೋಡು ಅತ್ಗೆ,” ಎಂದ.

ಈರಕ್ಕ ಹಗ್ಗ ತೆಗೆದುಕೊಂಡಳು. ಬೂಬಮ್ಮನನ್ನು ಕೂಗಿ ನಿಲ್ಲಿಸಿದಳು. ಹತ್ತು ಮಾರು ದೂರ ಹೋಗಿ ನಿಂತುಕೋ ಎಂದು ಮೈದುನನಿಗೆ ಹೇಳಿ, ಸೆರಗಿನ ತುದಿ ಬಿಡಿಸಿದಳು.